ಹಳೆಯ ತೊಲೆ ಯಾವ ಮರದ್ದು? ತಕ್ಕಡಿಯೂ ಭೂತಗನ್ನಡಿಯೂ ಹೇಳುವ ಉತ್ತರ

ಬೇಲೂರು: ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಹಳೆಯ ತೊಟ್ಟಿ ಮನೆಗಳು ಒಂದೊಂದಾಗಿ ನೆಲಕ್ಕುರುಳುತ್ತಿವೆ. ಅಣ್ಣ-ತಮ್ಮಂದಿರ ನಡುವೆ ಪಾಲಾಗಿರುತ್ತದೆ, ಇಲ್ಲವೇ ಹೆಂಚಿನ ಮಾಡಿನ ದುರಸ್ತಿ ಕೈಮೀರಿರುತ್ತದೆ. ಕೆಡವಿದ ಮನೆಯ ತೊಲೆ, ಕಂಬ, ಜಂತೆ, ಬಾಗಿಲುವಾಡಗಳು ಅಂಗಳದಲ್ಲಿ ರಾಶಿ ಬಿದ್ದಾಗ ವ್ಯಾಪಾರಿ ಬಂದು ನಿಲ್ಲುತ್ತಾನೆ. ಆಗ ಏಳುವ ಮೊದಲ ಪ್ರಶ್ನೆ, ಇದು ಯಾವ ಮರ? ಮನೆ ಕಟ್ಟಿಸಿದ ಹಿರಿಯರು ಈಗಿಲ್ಲ. ಒಲೆಯ ಹೊಗೆ ಹಿಡಿದು ತೊಲೆಗಳೆಲ್ಲ ಒಂದೇ ಸಮ ಕಪ್ಪಾಗಿವೆ. 'ಎಲ್ಲಾ ಕಾಡುಮರ' ಎಂಬ ಒಂದೇ ಮಾತಿನಲ್ಲಿ ರಾಶಿಗೆಲ್ಲ ಒಂದೇ ದರ ನಿಗದಿಯಾಗಿಬಿಡುತ್ತದೆ. ಆ ರಾಶಿಯಲ್ಲಿ ಬೀಟೆಯ ತೊಲೆಯೊಂದು ಇದ್ದರೆ ಅದು ಸೌದೆಯ ಬೆಲೆಗೆ ಲಾರಿ ಏರುತ್ತದೆ.

ಇದಕ್ಕೆ ತದ್ವಿರುದ್ಧವಾದ ನಷ್ಟವೂ ಉಂಟು. ಹೊಸ ಮನೆ ಕಟ್ಟಿಸುವವರು ತೇಗವೆಂದು ನಂಬಿ ಹಣ ತೆತ್ತು, ಪಾಲಿಷ್ ಬಳಿದ ಬೇರೊಂದು ಮರದ ಬಾಗಿಲನ್ನು ಮನೆಗೆ ತರುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲು ಉಬ್ಬಿ ಚಿಲಕ ಕೂರದಂತಾಗುತ್ತದೆ ಅಥವಾ ಗೆದ್ದಲು ಹಿಡಿಯುತ್ತದೆ. ಎರಡೂ ಕಡೆ ಆಗುವ ನಷ್ಟಕ್ಕೆ ಕಾರಣ ಒಂದೇ, ಮರದ ಗುರುತು ತಿಳಿಯದಿರುವುದು.

ಎಲೆ, ಹೂ, ತೊಗಟೆ ಇದ್ದರೆ ಮರವನ್ನು ಗುರುತಿಸುವುದು ಕಷ್ಟವಲ್ಲ. ಕೊಯ್ದು ಹಲಗೆಯಾದ ಮರದಲ್ಲಿ ಇವು ಯಾವುವೂ ಉಳಿದಿರುವುದಿಲ್ಲ. ಉಳಿಯುವುದು ತೂಕ ಮತ್ತು ನೋಟ ಮಾತ್ರ. ಇವೆರಡನ್ನೂ ಕ್ರಮಬದ್ಧವಾಗಿ ಪರೀಕ್ಷಿಸಿದರೆ ಬಹುಪಾಲು ಸಂದರ್ಭಗಳಲ್ಲಿ ಉತ್ತರದ ಸಮೀಪಕ್ಕೆ ಬರಬಹುದು. ಆದರೆ ಒಂದನ್ನೇ ನೆಚ್ಚಿಕೊಂಡರೆ ದಾರಿ ತಪ್ಪುವುದು ಖಚಿತ.

ಮೊದಲು ಊರನ್ನು ನೋಡಿ

ಮರದ ತುಂಡನ್ನು ಕೈಗೆತ್ತಿಕೊಳ್ಳುವ ಮುನ್ನ ಅದು ಯಾವ ಸೀಮೆಯ ಮನೆಯದು ಎಂಬುದನ್ನು ವಿಚಾರಿಸುವುದು ಒಳಿತು. ಲಾರಿ, ರಸ್ತೆಗಳಿಲ್ಲದ ಕಾಲದಲ್ಲಿ ಜನ ಎತ್ತಿನ ಗಾಡಿಗೆ ನಿಲುಕುವಷ್ಟು ದೂರದ ಮರವನ್ನೇ ಸಾಮಾನ್ಯವಾಗಿ ಬಳಸುತ್ತಿದ್ದರು.

ಬೇಲೂರು ತಾಲ್ಲೂಕಿನ ಪಶ್ಚಿಮ ಭಾಗ ಮಲೆನಾಡಿನ ಸೆರಗು. ಬೀಟೆ, ಹೊನ್ನೆ, ಮತ್ತಿ, ನಂದಿ, ಹಲಸು, ಹೆಬ್ಬಲಸು ಈ ಸೀಮೆಯ ಹಳೆಯ ಮನೆಗಳ ಮರಗಳು. ಇಲ್ಲಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಈಚಿನ ದಶಕಗಳಲ್ಲಿ ಈ ಪಟ್ಟಿಗೆ ಸೇರಿದೆ. ಅರಸೀಕೆರೆ ಅಪ್ಪಟ ಬಯಲುಸೀಮೆ. ಅಲ್ಲಿ ಬೇವು, ಜಾಲಿ, ಹುಣಸೆ, ಹೊಂಗೆ ಹೆಚ್ಚು. ತೆಂಗಿನ ನಾಡಾದುದರಿಂದ ತೆಂಗಿನ ಬೊಡ್ಡೆಯೂ ತೊಲೆಯಾಗಿದೆ, ಜಂತೆಯಾಗಿದೆ. ಹಳೇಬೀಡು ಈ ಎರಡು ಸೀಮೆಗಳ ನಡುವೆ ಇರುವುದರಿಂದ ಅಲ್ಲಿ ಎರಡೂ ಬಗೆಯ ಮರಗಳನ್ನು ನಿರೀಕ್ಷಿಸಬಹುದು.

ಊರು ಕೊಡುವುದು ಸಂಭವನೀಯ ಮರಗಳ ಪಟ್ಟಿಯನ್ನು ಮಾತ್ರ. ಅದನ್ನು ಕಿರಿದುಗೊಳಿಸುವ ಕೆಲಸ ತಕ್ಕಡಿಯದು.

ತೂಕ ಏಕೆ ಬೇರೆ?

ಎಲ್ಲ ಮರಗಳ ಜೀವಕೋಶದ ಗೋಡೆಯೂ ಬಹುತೇಕ ಒಂದೇ ಪದಾರ್ಥದಿಂದ ಆಗಿದೆ. ಆ ಪದಾರ್ಥದ ಸಾಂದ್ರತೆ ಯಾವ ಮರದಲ್ಲೂ ನೀರಿನ ಸುಮಾರು ಒಂದೂವರೆ ಪಟ್ಟು. ಹಾಗಾದರೆ ಬೂರುಗ ಹಗುರ, ಬೀಟೆ ಭಾರ ಏಕೆ? ವ್ಯತ್ಯಾಸವಿರುವುದು ಕೋಶಗಳ ಒಳಗಿನ ಖಾಲಿ ಜಾಗದಲ್ಲಿ. ಬೂರುಗದ ಕೋಶಗಳ ಗೋಡೆ ತೆಳು, ಒಳಗೆ ಗಾಳಿಯೇ ಹೆಚ್ಚು. ಬೀಟೆಯ ಕೋಶಗಳ ಗೋಡೆ ದಪ್ಪ, ಗಾಳಿಗೆ ಜಾಗ ಕಡಿಮೆ. ಮರ ನೀರಿನಲ್ಲಿ ತೇಲುವುದು ಈ ಗಾಳಿಯ ದೆಸೆಯಿಂದಲೇ.

ಚೆನ್ನಾಗಿ ಒಣಗಿದ ಮರದ ಒಂದು ಘನ ಮೀಟರ್ ತೂಕ ಸ್ಥೂಲವಾಗಿ ಹೀಗಿದೆ: ಬೂರುಗ 350 ಕಿಲೊ ಆಸುಪಾಸು. ಹಲಸು ಮತ್ತು ಸಿಲ್ವರ್ ಓಕ್ 600ರ ಸುತ್ತ. ತೇಗ ಸುಮಾರು 650, ನಂದಿ ಅದಕ್ಕೆ ಸಮ ಅಥವಾ ತುಸು ಹೆಚ್ಚು. ಹೊನ್ನೆ ಮತ್ತು ಜಾಲಿ 800ರ ಸುಮಾರು. ಬೀಟೆ ಮತ್ತು ಮತ್ತಿ 850ರ ಹತ್ತಿರ. ಶ್ರೀಗಂಧದ ಕೆಚ್ಚು 900ರ ಸನಿಹ. ಕಮರ, ಕರಿಮರ ಹಾಗೂ ರಕ್ತಚಂದನದ ಕೆಚ್ಚು ಸಾವಿರದ ಗಡಿ ಮುಟ್ಟುತ್ತವೆ ಅಥವಾ ದಾಟುತ್ತವೆ. ಸಾವಿರ ದಾಟಿದ ಮರ ನೀರಿನಲ್ಲಿ ಕಲ್ಲಿನಂತೆ ಮುಳುಗುತ್ತದೆ.

ಮರದ ವ್ಯಾಪಾರ ನಡೆಯುವುದು ಘನ ಅಡಿಯ ಲೆಕ್ಕದಲ್ಲಿ. ಆ ಲೆಕ್ಕದಲ್ಲಿ ಹೇಳುವುದಾದರೆ ಒಂದು ಘನ ಅಡಿ ಒಣ ತೇಗ 18 ಕಿಲೊಗಿಂತ ತುಸು ಹೆಚ್ಚು, ಬೀಟೆ 24 ಕಿಲೊ, ಬೂರುಗ ಹತ್ತು ಕಿಲೊ. 10 ಅಡಿ ಉದ್ದ, 6 ಅಂಗುಲ ಅಗಲ, 4 ಅಂಗುಲ ದಪ್ಪದ ತೊಲೆಯೊಂದು ತೇಗದ್ದಾದರೆ 31 ಕಿಲೊ ಆಸುಪಾಸು ತೂಗಬೇಕು, ಬೀಟೆಯದಾದರೆ 40 ಕಿಲೊ. ಹೊತ್ತು ನೋಡಿದವರಿಗೆ ಈ ಒಂಬತ್ತು ಕಿಲೊ ವ್ಯತ್ಯಾಸ ಹೆಗಲಿಗೇ ತಿಳಿಯುತ್ತದೆ.

ಅಳೆಯುವುದು ಹೀಗೆ

ತೊಲೆಯ ತುದಿಯಲ್ಲಿ ಸಣ್ಣ ತುಂಡೊಂದನ್ನು ಕೊಯ್ದುಕೊಂಡರೆ ಸಾಕು. 20 ಸೆಂಟಿಮೀಟರ್ ಉದ್ದ, 10 ಅಗಲ, 5 ದಪ್ಪದ ತುಂಡಾದರೆ ಲೆಕ್ಕ ಸಲೀಸು. ಅದರ ಗಾತ್ರ ಸರಿಯಾಗಿ ಸಾವಿರ ಘನ ಸೆಂಟಿಮೀಟರ್. ಅದು ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಸಂಖ್ಯೆ ಘನ ಮೀಟರಿಗೆ ಎಷ್ಟು ಕಿಲೊ ಎಂಬುದನ್ನು ಹೇಳುತ್ತದೆ. 650 ಗ್ರಾಂ ಬಂದರೆ ತೇಗ ಅಥವಾ ನಂದಿ ಇರಬಹುದು. 850 ಬಂದರೆ ತೇಗದ ಮಾತನ್ನು ಬಿಟ್ಟು ಬೀಟೆ, ಮತ್ತಿಗಳತ್ತ ನೋಡಬೇಕು. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಅಂಕುಡೊಂಕಾದ ತುಂಡಾಗಿದ್ದರೆ ಅದನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಅಂಚಿನವರೆಗೆ ನೀರು ತುಂಬಿದ ಪಾತ್ರೆಯಲ್ಲಿ ಪೂರ್ತಿ ಅದುಮಿ, ಹೊರಚೆಲ್ಲಿದ ನೀರನ್ನು ಅಳೆಯಬಹುದು. ಚೆಲ್ಲಿದ ನೀರಿನ ಗಾತ್ರವೇ ತುಂಡಿನ ಗಾತ್ರ. ತಕ್ಕಡಿ ಇಲ್ಲದಿದ್ದರೂ ಉಪಾಯವುಂಟು. ಒಂದೇ ಸಮ ದಪ್ಪದ ಕಡ್ಡಿಯನ್ನು ಸೀಳಿ, ಹತ್ತು ಸಮಭಾಗಗಳಿಗೆ ಗುರುತು ಹಾಕಿ, ಕಿರಿದಾದ ಎತ್ತರದ ಪಾತ್ರೆಯ ನೀರಿನಲ್ಲಿ ನೆಟ್ಟಗೆ ತೇಲಬಿಡಬೇಕು. ಆರೂವರೆ ಭಾಗ ಮುಳುಗಿ ಮೂರೂವರೆ ಭಾಗ ಮೇಲೆ ಉಳಿದರೆ ಆ ಮರ 650ರ ವರ್ಗಕ್ಕೆ ಸೇರಿದ್ದು.

ತೂಕ ಮೋಸ ಮಾಡುವುದೆಲ್ಲಿ?

ತೂಕದ ದೊಡ್ಡ ಶತ್ರು ತೇವ. ಈಗಷ್ಟೇ ಕಡಿದ ಹಸಿ ಮರ ಒಣ ಮರದ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು ತೂಗಬಲ್ಲದು. ಪುಸ್ತಕಗಳಲ್ಲಿ ಕೊಡುವ ತೂಕ ಸಾಮಾನ್ಯವಾಗಿ ಶೇ 12ರಷ್ಟು ತೇವ ಉಳಿದ ಮರದ್ದು. ಮಾಡಿನ ಕೆಳಗೆ ದಶಕಗಳ ಕಾಲ ಇದ್ದ ತೊಲೆ ಈ ಮಟ್ಟಕ್ಕೆ ಒಣಗಿರುತ್ತದೆ. ಆದರೆ ಮನೆ ಕೆಡವಿದ ಮೇಲೆ ಆಷಾಢದ ಮಳೆಯಲ್ಲಿ ಅಂಗಳದಲ್ಲೇ ನೆನೆದಿದ್ದರೆ ಆ ತೂಕವನ್ನು ನಂಬುವಂತಿಲ್ಲ. ತುಂಡನ್ನು ಗಾಳಿಯಾಡುವ ನೆರಳಿನಲ್ಲಿಟ್ಟು ವಾರಕ್ಕೊಮ್ಮೆ ತೂಗಬೇಕು. ತೂಕ ಇಳಿಯುವುದು ನಿಂತಾಗ ಬರುವ ಅಂಕಿಯೇ ಸರಿಯಾದದ್ದು.

ಎರಡನೆಯದು ಗೆದ್ದಲು ಮತ್ತು ಕುಂಬು. ಒಳಗೆ ಟೊಳ್ಳಾದ ಬೀಟೆ ತೇಗದಷ್ಟೇ ತೂಗಬಹುದು. ಮೂರನೆಯದು ಕೆಚ್ಚು ಮತ್ತು ಹೊರಗಿನ ಬಿಳಿ ಭಾಗದ ಬೆರಕೆ. ಪರೀಕ್ಷೆಗೆ ಕೆಚ್ಚಿನ ತುಂಡನ್ನೇ ಆರಿಸಿಕೊಳ್ಳಬೇಕು. ನಾಲ್ಕನೆಯದು ಹೊರಗಿನಿಂದ ತುಂಬಿದ ಪದಾರ್ಥ. ಅರಸೀಕೆರೆ ಹಳೆಯ ರೈಲ್ವೆ ಜಂಕ್ಷನ್. ಕಾಂಕ್ರೀಟ್ ಸ್ಲೀಪರ್‌ಗಳು ಬರುವ ಮುನ್ನ ದೇಶದ ರೈಲು ಹಳಿಗಳ ಕೆಳಗೆ ಮರದ ಸ್ಲೀಪರ್‌ಗಳೂ ಬಳಕೆಯಲ್ಲಿದ್ದವು. ಗೆದ್ದಲು ತಡೆಯಲು ಅಂಥ ಮರಕ್ಕೆ ಕ್ರಿಯೋಸೋಟ್ ಎಂಬ ಟಾರಿನ ಎಣ್ಣೆಯನ್ನು ಒತ್ತಡದಲ್ಲಿ ತುಂಬುತ್ತಿದ್ದರು. ಕೊಯ್ದಾಗ ಟಾರಿನ ವಾಸನೆ ಬಂದರೆ ಆ ತುಂಡಿನ ತೂಕ ಮರದ ನಿಜವಾದ ತೂಕವಲ್ಲ ಎಂದು ತಿಳಿಯಬೇಕು.

ಅಡ್ಡ ಕೊಯ್ದ ಮುಖದಲ್ಲಿ ಗುರುತು

ತೂಕವು ಪಟ್ಟಿಯನ್ನು ಎರಡು ಮೂರು ಹೆಸರುಗಳಿಗೆ ಇಳಿಸುತ್ತದೆ. ಅವುಗಳಲ್ಲಿ ಒಂದನ್ನು ಆರಿಸುವುದು ಕಣ್ಣಿನ ಕೆಲಸ. ಸಾಮಾನ್ಯವಾಗಿ ಜನ ನೋಡುವುದು ಹಲಗೆಯ ಬಣ್ಣವನ್ನು. ಆದರೆ ಬಣ್ಣ ಹೊಗೆಗೆ ಕಪ್ಪಾಗುತ್ತದೆ, ಬಿಸಿಲಿಗೆ ಮಾಸುತ್ತದೆ, ಪಾಲಿಷಿಗೆ ಬದಲಾಗುತ್ತದೆ. ನಂಬಬಹುದಾದದ್ದು ಮರವನ್ನು ಅಡ್ಡಕ್ಕೆ ಕೊಯ್ದಾಗ ಕಾಣುವ ಮುಖ.

ಆ ಮುಖವನ್ನು ಹರಿತವಾದ ಉಳಿಯಿಂದ ಅಥವಾ ಬ್ಲೇಡಿನಿಂದ ನುಣುಪಾಗಿ ಕೆತ್ತಿ, ತುಸು ನೀರು ಸವರಿ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಬೇಕು. ಬೇರಿನಿಂದ ನೀರು ಸಾಗಿಸುತ್ತಿದ್ದ ನಾಳಗಳು ಸಣ್ಣ ರಂಧ್ರಗಳಾಗಿ ಕಾಣುತ್ತವೆ. ತಿರುಳಿನಿಂದ ತೊಗಟೆಯ ಕಡೆಗೆ ಸಾಗುವ ಗೆರೆಗಳು ಸೂರ್ಯನ ಕಿರಣಗಳಂತೆ ಹರಡಿರುತ್ತವೆ. ರಂಧ್ರಗಳ ಗಾತ್ರ, ಅವುಗಳ ಜೋಡಣೆ ಹಾಗೂ ಗೆರೆಗಳ ಅಗಲ ಮರದಿಂದ ಮರಕ್ಕೆ ಬೇರೆಯಾಗಿರುತ್ತವೆ.

ತೇಗದಲ್ಲಿ ಪ್ರತಿ ವರ್ಷದ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳು ಸಾಲಾಗಿ ಕೂತಿರುತ್ತವೆ. ಬೀಟೆಯಲ್ಲಿ ರಂಧ್ರಗಳು ಅಲ್ಲಲ್ಲಿ ಚದುರಿರುತ್ತವೆ. ಸಿಲ್ವರ್ ಓಕ್‌ನ ಕಿರಣರೇಖೆಗಳು ಬಹಳ ಅಗಲ. ಅದನ್ನು ಸೀಳಿದ ಹಲಗೆಯ ಮೇಲೆ ಜರಿಯಂಥ ಹೊಳೆಯುವ ಚಿತ್ತಾರ ಕಾಣುವುದು ಇದರಿಂದಲೇ. ಎಷ್ಟು ಪಾಲಿಷ್ ಬಳಿದರೂ ಸಿಲ್ವರ್ ಓಕ್ ತೇಗವಾಗದಂತೆ ತಡೆಯುವುದು ಈ ಚಿತ್ತಾರ.

ಒಂದೇ ತೂಕದ ಜೋಡಿಗಳು

ಗೊಂದಲ ಹೆಚ್ಚಾಗುವುದು ಒಂದೇ ತೂಕದ ಮರಗಳ ನಡುವೆ. ತೇಗ ಮತ್ತು ನಂದಿಯ ಜೋಡಿ ಇದಕ್ಕೆ ಉತ್ತಮ ನಿದರ್ಶನ. ವ್ಯಾಪಾರದಲ್ಲಿ ನಂದಿಯನ್ನು 'ಬೆನ್ ಟೀಕ್' ಎಂದೇ ಕರೆಯುವುದುಂಟು. ತೂಕ ಹತ್ತಿರ ಹತ್ತಿರ, ಉಂಗುರದ ರಂಧ್ರಗಳ ಸಾಲೂ ಹೋಲುತ್ತದೆ. ಇಲ್ಲಿ ನೆರವಿಗೆ ಬರುವುದು ಮೂಗು ಮತ್ತು ಬೆರಳು. ತೇಗವನ್ನು ಹೊಸದಾಗಿ ಕೆರೆದಾಗ ಹಳೆಯ ಚರ್ಮದಂಥ ವಾಸನೆ ಬರುತ್ತದೆ, ಮುಟ್ಟಿದರೆ ಎಣ್ಣೆ ಸವರಿದಂಥ ಜಿಡ್ಡು ಬೆರಳಿಗೆ ತಾಗುತ್ತದೆ. ತೇಗದ ಬಣ್ಣ ಹೊಂಗಂದು. ನಂದಿಯ ಬಣ್ಣದಲ್ಲಿ ಕೆಂಪು ಛಾಯೆ ಇರುತ್ತದೆ, ಜಿಡ್ಡೂ ಇಲ್ಲ, ಆ ವಾಸನೆಯೂ ಇಲ್ಲ.

ಬೀಟೆ ಮತ್ತು ಮತ್ತಿ ಇನ್ನೊಂದು ಜೋಡಿ. ಹೊಗೆ ಹಿಡಿದ ಮತ್ತಿಯ ತೊಲೆ ಬೀಟೆಯಂತೆಯೇ ಕಪ್ಪಾಗಿ, ಅಷ್ಟೇ ಭಾರವಾಗಿ ಇರುತ್ತದೆ. ಕೆರೆದು ನೋಡಿದರೆ ಬೀಟೆಯಲ್ಲಿ ನೇರಳೆ ಮಿಶ್ರಿತ ಕಂದು ಮತ್ತು ಕಪ್ಪು ಪಟ್ಟೆಗಳು ಕಾಣುತ್ತವೆ, ಮಂದವಾದ ಸಿಹಿ ವಾಸನೆ ಇರುತ್ತದೆ. ಹಲಗೆಯ ಚಪ್ಪಟೆ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದರೆ ಎಳೆಗೆ ಅಡ್ಡಲಾಗಿ ಕೆರೆಯ ನೀರಿನ ಕಿರು ಅಲೆಗಳಂಥ ಸೂಕ್ಷ್ಮ ಗೆರೆಗಳು ಕಾಣುತ್ತವೆ. ಮತ್ತಿಯಲ್ಲಿ ಈ ಅಲೆಗಳಿಲ್ಲ.

ಈ ಅಲೆಗಳು ಹೊನ್ನೆಯಲ್ಲೂ ಉಂಟು. ಆದರೆ ಹೊನ್ನೆಗೆ ಬೇರೊಂದು ಸರಳ ಪರೀಕ್ಷೆ ಇದೆ. ಹೊನ್ನೆಯ ಕೆಚ್ಚಿನ ಚೂರುಗಳನ್ನು ಗಾಜಿನ ಲೋಟದ ನೀರಿನಲ್ಲಿ ಹಾಕಿಟ್ಟರೆ ನೀರು ಹಳದಿ-ಕಂದಾಗುತ್ತದೆ. ಅದನ್ನು ಬಿಸಿಲಿಗೆ ಹಿಡಿದು ಪಕ್ಕದಿಂದ ನೋಡಿದರೆ ನೀಲಿ ಹೊಳಪು ಮೂಡುತ್ತದೆ. ಮಧುಮೇಹಕ್ಕೆಂದು ಮಾರುವ ಹೊನ್ನೆ ಮರದ ಲೋಟ ನಿಜವಾಗಿಯೂ ಹೊನ್ನೆಯದೇ ಎಂಬುದನ್ನು ಪರೀಕ್ಷಿಸಲೂ ಇದೇ ವಿಧಾನ ಅನುಕೂಲ. ಹಲಸಿನ ಗುರುತು ಅದರ ಹಳದಿ ಬಣ್ಣ. ಹಳೆಯ ಹಲಸು ಹೊರಗೆ ಕಂದಾಗಿದ್ದರೂ ತೋಪಡಾ ಹೊಡೆದ ಕೂಡಲೇ ಒಳಗಿನ ಅರಿಸಿನ ಬಣ್ಣ ಹೊರಬರುತ್ತದೆ.

ತೆಂಗಿನ ಲೆಕ್ಕವೇ ಬೇರೆ

ಅರಸೀಕೆರೆ ಕಡೆಯ ಮನೆಗಳ ತೆಂಗಿನ ತೊಲೆಗೆ ಮೇಲಿನ ಯಾವ ನಿಯಮವೂ ಅನ್ವಯಿಸುವುದಿಲ್ಲ. ತೆಂಗು ಹುಲ್ಲು, ಜೋಳ, ಅಡಿಕೆಗಳಂತೆ ಏಕದಳ ಸಸ್ಯ. ಅದರ ಅಡ್ಡ ಮುಖದಲ್ಲಿ ವರ್ಷದ ಉಂಗುರಗಳೂ ಇಲ್ಲ, ಕಿರಣರೇಖೆಗಳೂ ಇಲ್ಲ. ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳಷ್ಟೇ ಕಾಣುತ್ತವೆ. ಒಂದೇ ಬೊಡ್ಡೆಯಲ್ಲಿ ಬುಡದ ಹೊರಭಾಗ ಬೀಟೆಯಷ್ಟು ಭಾರವಿದ್ದರೆ, ನಡುವಿನ ಮೆತ್ತನೆಯ ಭಾಗ ಬೂರುಗಕ್ಕಿಂತಲೂ ಹಗುರವಿರಬಹುದು. ಆದ್ದರಿಂದ ತೆಂಗಿನ ಮರ ಕೊಳ್ಳುವವರು ಅದು ತೆಂಗೇ ಎಂದು ಕೇಳಿದರೆ ಸಾಲದು, ಬೊಡ್ಡೆಯ ಯಾವ ಭಾಗದ್ದು ಎಂದೂ ಕೇಳಬೇಕಾಗುತ್ತದೆ. ತೊಲೆಗೆ ಯೋಗ್ಯವಾದದ್ದು ಹೊರಭಾಗದ ಗಟ್ಟಿ ಮರ ಮಾತ್ರ.

ಗಂಧದ ಗೊಂಬೆಯ ಪ್ರಶ್ನೆ

ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ಹೊಯ್ಸಳ ದೇಗುಲಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬಳಪದ ಕಲ್ಲಿನಲ್ಲಿ ಕಡೆದ ಇಲ್ಲಿನ ಶಿಲ್ಪಗಳ ನಯವನ್ನು ಗಂಧ ಮತ್ತು ದಂತದ ಕೆತ್ತನೆಗೆ ಹೋಲಿಸುವ ವಾಡಿಕೆಯುಂಟು. ಪ್ರವಾಸಿಗರು ನೆನಪಿಗೆಂದು ಮರದ ವಿಗ್ರಹಗಳನ್ನು ಕೊಳ್ಳುವುದೂ ಸಹಜ. ಯಾವುದೇ ಪ್ರವಾಸಿ ತಾಣದಲ್ಲಿ ಶ್ರೀಗಂಧದ ವಿಗ್ರಹವೆಂದು ಹೇಳಿ ಕೊಟ್ಟದ್ದನ್ನು ಪರೀಕ್ಷಿಸಿಯೇ ಕೊಳ್ಳಬೇಕು.

ಹಗುರವಾದ ಬಿಳಿ ಮರಕ್ಕೆ ಗಂಧದೆಣ್ಣೆ ಸವರಿದರೆ ಪರಿಮಳ ಮೇಲ್ಮೈಯಲ್ಲಿ ಮಾತ್ರ ಇರುತ್ತದೆ. ವಿಗ್ರಹದ ತಳಭಾಗವನ್ನು ತುಸು ಆಳಕ್ಕೆ ಕೆರೆದಾಗ ಪರಿಮಳ ಹೆಚ್ಚಬೇಕೇ ಹೊರತು ಕುಗ್ಗಬಾರದು. ಶ್ರೀಗಂಧದ ಕೆಚ್ಚು ಬಲು ನುಣುಪು. ಅದರ ರಂಧ್ರಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಕಣ್ಣಿಗೆ ರಂಧ್ರ ಎದ್ದು ಕಂಡರೆ, ಕೈಗೆ ಹಗುರವೆನಿಸಿದರೆ ಅದು ಶ್ರೀಗಂಧವಲ್ಲ. ಶ್ರೀಗಂಧದ ಮರದಲ್ಲೇ ಹೊರಗಿನ ಬಿಳಿ ಭಾಗಕ್ಕೆ ಪರಿಮಳವಿಲ್ಲ ಎಂಬುದನ್ನೂ ನೆನಪಿಡಬೇಕು.

ಅಂತಿಮ ತೀರ್ಪು ಪ್ರಯೋಗಾಲಯದ್ದು

ಮನೆಯಂಗಳದ ಪರೀಕ್ಷೆಗೆ ಮಿತಿಯಿದೆ. ದೊಡ್ಡ ಮೊತ್ತದ ವ್ಯವಹಾರ ಅಥವಾ ಕಾನೂನಿನ ತೊಡಕು ಇದ್ದರೆ ತಜ್ಞರ ವರದಿಯೇ ಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇಂಥ ಪರೀಕ್ಷೆ ನಡೆಸುತ್ತದೆ. 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಇದು 1988ರಲ್ಲಿ ಈಗಿನ ರೂಪ ಪಡೆಯಿತು. ಇಲ್ಲಿ ಗುರುತು ಖಚಿತಪಟ್ಟ ಮರದ ಮಾದರಿಗಳ ಸಂಗ್ರಹವಿದೆ. ಪರೀಕ್ಷೆಗೆ ಬಂದ ತುಂಡಿನಿಂದ ಕೂದಲಿಗಿಂತ ತೆಳುವಾದ ಪದರ ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಆ ಮಾದರಿಗಳೊಂದಿಗೆ ಹೋಲಿಸಲಾಗುತ್ತದೆ. ಸೂಕ್ಷ್ಮದರ್ಶಕಕ್ಕೂ ಮರದ ಕುಲವಷ್ಟೇ ತಿಳಿದು, ಪ್ರಭೇದ ನಿರ್ಧಾರವಾಗದ ಸಂದರ್ಭಗಳುಂಟು. ಅಂಥಲ್ಲಿ ರಾಸಾಯನಿಕ ಹಾಗೂ ಡಿಎನ್‌ಎ ಪರೀಕ್ಷೆಗಳ ನೆರವು ಪಡೆಯುತ್ತಾರೆ.

ಮರದ ಗುರುತು ನ್ಯಾಯಾಲಯದಲ್ಲಿ ಎಷ್ಟು ತೂಗಬಲ್ಲದು ಎಂಬುದಕ್ಕೆ ಅಮೆರಿಕದ ಪ್ರಸಿದ್ಧ ಪ್ರಕರಣವೊಂದಿದೆ. ವೈಮಾನಿಕ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಮಗುವನ್ನು 1932ರಲ್ಲಿ ಅಪಹರಿಸಿ ಕೊಂದವರು ಮರದ ಏಣಿಯೊಂದನ್ನು ಬಿಟ್ಟುಹೋಗಿದ್ದರು. ಮರ ತಜ್ಞ ಆರ್ಥರ್ ಕೋಲರ್ ಆ ಏಣಿಯ ಒಂದು ಪಟ್ಟಿಯ ಉಂಗುರಗಳೂ ಮೊಳೆಯ ತೂತುಗಳೂ ಆರೋಪಿಯ ಮನೆಯ ಅಟ್ಟದ ಹಲಗೆಯೊಂದಿಗೆ ಹೊಂದುತ್ತವೆ ಎಂದು 1935ರ ವಿಚಾರಣೆಯಲ್ಲಿ ಸಾಕ್ಷ್ಯ ನುಡಿದರು. ತೀರ್ಪಿನಲ್ಲಿ ಆ ಸಾಕ್ಷ್ಯ ಮಹತ್ವದ ಪಾತ್ರ ವಹಿಸಿತು.

ಹೆಸರು ತಪ್ಪಿದರೆ ಕಾನೂನೂ ತಪ್ಪುತ್ತದೆ

ನಮ್ಮಲ್ಲೂ ಮರದ ಹೆಸರು ಬೆಲೆಯನ್ನಷ್ಟೇ ನಿರ್ಧರಿಸುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ಅನುಮತಿ ಅಗತ್ಯ. ಸಿಲ್ವರ್ ಓಕ್, ನೀಲಗಿರಿ, ತೆಂಗು ಮುಂತಾದ ಕೆಲವಕ್ಕೆ ವಿನಾಯಿತಿ ಇದೆ. ಬೀಟೆ, ತೇಗ, ಶ್ರೀಗಂಧಗಳ ಕಡಿತಲೆ ಮತ್ತು ಸಾಗಣೆ ಅರಣ್ಯ ಇಲಾಖೆಯ ನಿಯಂತ್ರಣದಲ್ಲಿವೆ. ಸ್ವಂತ ಜಮೀನಿನ ಶ್ರೀಗಂಧಕ್ಕೆ ಬೆಳೆಗಾರನೇ ಒಡೆಯನೆಂದು 2001ರ ತಿದ್ದುಪಡಿ ಹೇಳಿದರೂ ಮಾರಾಟಕ್ಕೆ ನಿಯಮಗಳಿವೆ. ಬೀಟೆಯ ಕುಲಕ್ಕೆ ಸೇರಿದ ಎಲ್ಲ ಮರಗಳೂ 2017ರ ಜನವರಿಯಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ.

ಹೀಗಾಗಿ ಹಳೆಯ ಮನೆಯ ಮರವನ್ನೇ ಸಾಗಿಸುವುದಿದ್ದರೂ ಅದು ಯಾವ ಮರ, ಯಾವ ಮನೆಯದು ಎಂಬ ದಾಖಲೆ ಮಾಡಿಸಿ, ಸ್ಥಳೀಯ ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸಿಯೇ ಲಾರಿಗೆ ತುಂಬುವುದು ಕ್ಷೇಮ. ಮನೆ ಕೆಡವುವ ಮುನ್ನ ತೊಲೆಗಳು ಇದ್ದಲ್ಲೇ ಇರುವ ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ನೆರವಾಗುತ್ತದೆ.

ಅಂಗಳದಲ್ಲಿ ರಾಶಿ ಬಿದ್ದ ತೊಲೆಗಳಿಗೆ ವ್ಯಾಪಾರಿ ದರ ಹೇಳುವ ಮುನ್ನ ಪ್ರತಿಯೊಂದರ ತುದಿಯಿಂದ ಒಂದು ತುಂಡು ಕೊಯ್ದು, ತೂಗಿ, ಕೆತ್ತಿ, ಮೂಸಿ ನೋಡಲು ಅರ್ಧ ದಿನ ಸಾಕು. ಊರಿನ ಹಿರಿಯ ಬಡಗಿಯೊಬ್ಬರು ಜೊತೆಗಿದ್ದರೆ ಕೆಲಸ ಇನ್ನೂ ಸುಲಭ. ಅಜ್ಜ ಕಾಡಿನಿಂದ ಆರಿಸಿ ತಂದ ಮರದ ಹೆಸರು ಮೊಮ್ಮಕ್ಕಳಿಗೆ ಮರೆತುಹೋಗಿರಬಹುದು. ಅದರ ಗುರುತು ಮಾತ್ರ ಇನ್ನೂ ಆ ತೊಲೆಯಲ್ಲೇ ಇದೆ.